ಪುರಿಭಟ್ಟಿ ಮನೆಯ ಇಲಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಚಿಕ್ಕರಸಿನಕೆರೆ ಸಿಗುವ ಮೊದಲೇ ಎಡಕ್ಕೊಂದು ಗಾಡಿಜಾಡು ಹೊರಳುತ್ತದೆ. ಆ ಜಾಡು ಮುಗಿಯುವಲ್ಲಿ ಗೊರವನಕೊಪ್ಪಲು. ಊರು ಅನ್ನಬೇಕೋ ಬೇಡವೋ, ಅಷ್ಟು ಊರು. ಆದರೂ ಆ ಸೀಮೆಯ ಯಾವ ಸಂತೆಯಲ್ಲಿ ಕೇಳಿದರೂ ಅದರ ಹೆಸರು ಗೊತ್ತಿತ್ತು. ಯಾಕೆಂದರೆ ಪುರಿಭಟ್ಟಿ ಪಟ್ಟಲಮ್ಮ ಆ ಊರಿನವಳು.

ಗಂಡ ಮರಿಸಿದ್ದಯ್ಯ ಭತ್ತ ಬೇಯಿಸಿ, ಒಣಗಿಸಿ, ಕುಟ್ಟಿ ಕೊಡುತ್ತಿದ್ದ. ಇವಳು ಭಟ್ಟಿಯ ಮುಂದೆ ಕೂತು ಕಾದ ಮರಳಿನಲ್ಲಿ ಅಕ್ಕಿ ಅರಳಿಸುತ್ತಿದ್ದಳು. ಮರಿಸಿದ್ದಯ್ಯ ಮಾತಾಡುವವನಲ್ಲ. ಅವನ ಪಾಲಿನ ಮಾತನ್ನೂ ಇವಳೇ ಆಡುತ್ತಿದ್ದಳು ಅನ್ನಿ. ಸಂತೆಯಲ್ಲಿ ಯಾರಾದರೂ ಚೌಕಾಸಿಗೆ ನಿಂತರೆ, "ಓಗೋ ಅತ್ತಗೆ! ಪುರಿ ತಿನ್ನಾಕೆ ಬಂದಿದ್ದೀಯೋ, ನನ್ ಮನೆ ತೊಳೆಯಾಕೆ ಬಂದಿದ್ದೀಯೋ?" ಅಂತ ಹತ್ತು ಜನರ ಮುಂದೆ ನೀರಿಳಿಸುತ್ತಿದ್ದಳು. ಹಾಗೆ ಬೈಸಿಕೊಂಡವರ ಸೆರಗಿಗೇ ಒಂದು ಹಿಡಿ ಪುರಿ ಹೆಚ್ಚಿಗೆ ಸುರಿಯುತ್ತಿದ್ದಳು. ಕೊಡುವುದರಲ್ಲಿ ಅವಳಿಗೆ ಎಲ್ಲಿಲ್ಲದ ಸುಖ. ಇಸಿದುಕೊಳ್ಳುವುದೆಂದರೆ ಮಾತ್ರ ಪ್ರಾಣ ಹೋದಂತಾಗುತ್ತಿತ್ತು. ಹುಟ್ಟಿದಾಗಿನಿಂದ ಒಬ್ಬರ ಮನೆ ಮುಂದೆ ಕೈಯೊಡ್ಡಿದವಳಲ್ಲ ಅಂತ ತಾನೇ ಹೇಳಿಕೊಂಡು ತಿರುಗುತ್ತಿದ್ದಳು. ಅದೇ ಅವಳನ್ನು ಕೆಡಿಸಿತು.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಬಿಡಲು ಶುರುವಾಗಿ ಒಂದೆರಡು ವರ್ಷವಾಗಿರಬೇಕು. ಸುಗ್ಗಿ ಇನ್ನೇನು ಮುಗಿಯಿತು ಅನ್ನುವಾಗ ಮದ್ದೂರು ಪೇಟೆಯಲ್ಲಿ ಇಲಿ ಬಿದ್ದವು. ಇಲಿ ಬಿತ್ತು ಅಂದರೆ ಆ ಕಾಲದಲ್ಲಿ ಬೇರೇನೂ ಹೇಳಬೇಕಾಗಿರಲಿಲ್ಲ. ತೊಲೆಯ ಮೇಲಿಂದಲೋ ಹೆಂಚಿನ ಸಂದಿಯಿಂದಲೋ ಇಲಿ ತಾನಾಗಿ ಸತ್ತು ಬಿದ್ದರೆ ಹಿಂದೆಯೇ ಪ್ಲೇಗಮ್ಮ ಬಂದಳು ಅಂತಲೇ ಲೆಕ್ಕ. ಜನ ದನಕರು ಹೊಡೆದುಕೊಂಡು, ಮನೆಗೆ ಬೀಗ ಜಡಿದು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೂರಬೇಕು. ಸಂತೆಗಳು ನಿಂತುಹೋದವು. ಅಲ್ಲಲ್ಲಿ ಊರಬಾಗಿಲಿಗೆ ಮುಳ್ಳು ಬಿತ್ತು. ಒಂದೂರಿನವರನ್ನು ಕಂಡರೆ ಇನ್ನೊಂದೂರಿನವರು ನಾಲೆಯ ಆಚೆ ದಡ ಹಿಡಿಯುವಂತಾಯಿತು.

ಸಂತೆ ಇಲ್ಲದ ಮೇಲೆ ಪುರಿ ಯಾರಿಗೆ ಬೇಕು? ಪಟ್ಟಲಮ್ಮನ ಭಟ್ಟಿ ತಣ್ಣಗಾಯಿತು. ಮನೆಯಲ್ಲಿ ಎರಡು ಹೆಣ್ಣುಮಕ್ಕಳು, ಇನ್ನೂ ಚಿಕ್ಕವು. ಮೊದಲು ಮಾರದೆ ಉಳಿದ ಪುರಿಯನ್ನೇ ನೆನೆಸಿ ಒಗ್ಗರಣೆ ಹಾಕಿ ತಿಂದರು. ಆಮೇಲೆ ಒಗ್ಗರಣೆಯೂ ಹೋಯಿತು, ಕೊನೆಗೆ ಪುರಿಯೂ ಹೋಯಿತು.

ಹಾಗಂತ ಸರ್ಕಾರ ಕಣ್ಣು ಮುಚ್ಚಿಕೊಂಡು ಕೂತಿರಲಿಲ್ಲ. ಪ್ಲೇಗಿಗೆ ಊರು ಬಿಟ್ಟು ಕೆಲಸ ಕಳೆದುಕೊಂಡ ಕೂಲಿಯವರಿಗೆ, ಕಸುಬಿನವರಿಗೆ ಗುಡಿಸಲಿಗೆ ಬಿದಿರು, ತೆಂಗಿನ ಗರಿ, ತಲೆಗಿಷ್ಟು ಅಂತ ರಾಗಿ ಕೊಡುತ್ತಿತ್ತು. ಜಮೀನಿದ್ದವರಿಗೆ ರಾಗಿ ಇಲ್ಲ, ಅವರ ಪಾಡು ಅವರದು. ಪಟ್ಟಲಮ್ಮನ ತಂಗಿ ಮಾಯಮ್ಮ ಪಕ್ಕದೂರಿನಲ್ಲಿದ್ದಳು. ಆ ಊರಿನಲ್ಲಿ ಇಲಿ ಬಿದ್ದು ಎಲ್ಲರೂ ಹೊಲ ಸೇರಿದ್ದರು. ಪಟ್ಟಲಮ್ಮ ತಂಗಿಯನ್ನು ದೂರದಿಂದಲಾದರೂ ನೋಡಿ ಬರೋಣ ಅಂತ ಹೋದಾಗ, ಬದುವಿನ ಆಚೆಯಿಂದಲೇ ಮಾಯಮ್ಮ ಕೂಗಿ ಹೇಳಿದಳು: "ನಾವು ಎಂಗೋ ಅಕ್ಕಾ, ಸರ್ಕಾರದ ಇಟ್ಟು ಉಣ್ತಾ ಇದ್ದೀವಿ. ನೀನ್ಯಾಕೆ ಇಂಗೆ ಸೊರಗೋಗಿದ್ದೀಯೆ?"

ಗೊರವನಕೊಪ್ಪಲಿನಲ್ಲಿ ಇಲಿ ಬಿದ್ದಿರಲಿಲ್ಲ. ಇಲಿ ಬೀಳದ ಊರಿಗೆ ರಾಗಿ ಎಲ್ಲಿಂದ ಬರಬೇಕು? ಕೆಲಸ ಇಲ್ಲಿಯೂ ಸತ್ತಿತ್ತು, ಇಲಿ ಮಾತ್ರ ಸತ್ತಿರಲಿಲ್ಲ.

ಪಟ್ಟಲಮ್ಮನ ಹಿತ್ತಿಲಿಗೆ ಅಂಟಿಕೊಂಡೇ ಚಿಕ್ಕಬೋರಮ್ಮನ ಮನೆ. ಗದ್ದೆ ಹೊಲ ಇದ್ದ ಗೌಡರ ಮನೆ, ಅಂಗಳದ ನೆಲದೊಳಗೆ ರಾಗಿ ತುಂಬಿದ ಹಗೇವು. ಚಿಕ್ಕಬೋರಮ್ಮನಿಗೆ ನೆರೆಮನೆಯ ಒಲೆಯಲ್ಲಿ ಹೊಗೆಯಾಡದ್ದು ಗೊತ್ತಾಗಿಬಿಟ್ಟಿತು. ಹಿತ್ತಿಲ ಗೋಡೆಯ ಮೇಲಿಂದ ಕರೆದು, "ಮೊರ ತತ್ತಾ ಅಮ್ಮಿ," ಅಂದಳು. ಪಟ್ಟಲಮ್ಮ ಬೇಡ ಬೇಡ ಅಂದರೂ ಕೇಳದೆ ರಾಗಿ ಸುರಿದಳು. ಪುಣ್ಯಾತ್ಗಿತ್ತಿ, ಕೊಟ್ಟಿದ್ದನ್ನು ಯಾರಿಗೂ ಹೇಳುವವಳೂ ಅಲ್ಲ. ಹೀಗೆ ಕೆಲವು ದಿನ ನಡೆಯಿತು. ಮಕ್ಕಳು ಉಂಡವು. ಪಟ್ಟಲಮ್ಮ ಮಾತ್ರ ತನ್ನ ಪಾಲನ್ನೂ ಮಕ್ಕಳ ತಟ್ಟೆಗೇ ಸರಿಸುತ್ತಿದ್ದಳು.

ಒಂದು ಬೆಳಗ್ಗೆ ಚಿಕ್ಕಬೋರಮ್ಮನ ಗಂಡ ಮಾದಯ್ಯ ಜಗುಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದ. ವಯಸ್ಸಾದವನು, ಗೂರಲು ಕಾಯಿಲೆಯವನು. ಉಸಿರು ಎಳೆದುಕೊಳ್ಳುತ್ತಲೇ ತಮಾಷೆ ಮಾಡುವ ಚಟ ಬೇರೆ. ಅವತ್ತು ಮುಂಬಾಗಿಲಲ್ಲೇ ಮೊರ ಹಿಡಿದು ನಿಂತಿದ್ದ ಪಟ್ಟಲಮ್ಮನನ್ನು ಕಂಡು, "ಏನಮ್ಮಿ ಪಟ್ಟಲಿ, ಊರಿಗೆಲ್ಲ ಪುರಿ ಸುರೀತಿದ್ದೋಳು ಈಗ ನಮ್ಮಟ್ಟೀಲಿ ಮೊರ ಒಡ್ಕೊಂಡು ನಿಂತವ್ಳೆ!" ಅಂತ ನಕ್ಕ. ಕೆಮ್ಮಿದ. ಮತ್ತೆ ನಕ್ಕ. ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರೂ ನಕ್ಕರು.

ಮುದುಕನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಪ್ರೀತಿಯಿಂದಲೇ ಅಂದದ್ದು. ಆದರೆ ಪಟ್ಟಲಮ್ಮನ ಕಿವಿಯವರೆಗೂ ರಕ್ತ ಏರಿತು. ರಾಗಿಯ ಮೊರ ಹೊತ್ತು ಮನೆಗೆ ಬಂದವಳು ಬಾಗಿಲ ಹಿಂದೆ ಕೂತು, ಸತ್ತರೂ ಇನ್ನು ಆ ಮನೆಯ ಹತ್ತಿರ ಹೋಗುವುದಿಲ್ಲ ಅಂದುಕೊಂಡಳು. ಸರ್ಕಾರದ ರಾಗಿಯಾದರೆ ಸರಿ. ಸರ್ಕಾರಕ್ಕೆ ಜಗುಲಿಯಿಲ್ಲ, ಕೂತು ನಗುವ ಬಾಯಿಯಿಲ್ಲ. ನಾಳೆ ಬೀದಿಯಲ್ಲಿ ಎದುರಿಗೆ ಸಿಗುವುದಿಲ್ಲ.

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಭಟ್ಟಿಮನೆಯ ಮೂಲೆಯಲ್ಲಿ ಇಲಿಯೊಂದು ಖಾಲಿ ಚೀಲ ಕೆರೆಯುತ್ತಿತ್ತು. ಆರೋಗ್ಯವಾಗಿದ್ದ, ಕಣ್ಣು ಮಿಣುಕಿಸುವ ಇಲಿ. ಪಟ್ಟಲಮ್ಮ ಕುಕ್ಕೆ ಕವುಚಿ ಹಿಡಿದಳು. ಕೋಲಿನಿಂದ ಬಡಿದರೆ ಗಾಯವಾಗುತ್ತದೆ, ನೋಡಿದವರಿಗೆ ತಿಳಿಯುತ್ತದೆ. ಭತ್ತ ನೆನೆಹಾಕುವ ಬಾನಿಯಲ್ಲಿ ನೀರಿತ್ತು. ಅದರಲ್ಲಿ ಕುಕ್ಕೆ ಸಮೇತ ಅದುಮಿ ಹಿಡಿದಳು. ಅದು ಒದ್ದಾಡಿತು. ಇವಳು ಮುಖ ತಿರುಗಿಸಿಕೊಂಡಳು. ಆಮೇಲೆ ಬಿಸಿಬೂದಿಯಲ್ಲಿ ಹೊರಳಿಸಿ, ಒದರಿ, ಒಣಗಿಸಿ, ತೊಲೆಯ ಕೆಳಗೆ ಸರಿಯಾಗಿ ಮಲಗಿಸಿದಳು. ಇಷ್ಟೆಲ್ಲ ಮಾಡಿ ತಿರುಗಿದರೆ ಬಾಗಿಲಲ್ಲಿ ಮರಿಸಿದ್ದಯ್ಯ ನಿಂತಿದ್ದ.

"ಯಾಕಮ್ಮಿ?" ಅಂದ.

"ಮಕ್ಳು ಉಣ್ಣಬೇಕೋ ಬ್ಯಾಡ್ವೋ?" ಅಂದಳು.

ಅವನು ಮತ್ತೇನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಪಟ್ಟಲಮ್ಮ ತಾನೇ ಹೋಗಿ ಪಟೇಲನಿಗೆ ಹೇಳಿದಳು. ಇಲಿ ಬಿದ್ದ ಸುದ್ದಿಗೆ ಕಾಲು ಬೇಕೇ? ಸೂರ್ಯ ಮಾರುದ್ದ ಮೇಲೆ ಬರುವಷ್ಟರಲ್ಲಿ ಪಟೇಲ ಶಿವಣ್ಣ ತಮಟೆ ಹೊಡೆಸಿದ. ಅದನ್ನು ಪಟ್ಟಲಮ್ಮ ಯೋಚಿಸಿಯೇ ಇರಲಿಲ್ಲ ನೋಡಿ! ಹಸಿವು ಅವಳ ಬುದ್ಧಿಗೆ ಎಷ್ಟು ಮಂಕು ಕವಿಸಿತ್ತೆಂದರೆ, ತನ್ನ ಮನೆಯೊಂದು ಹೊಲಕ್ಕೆ ಹೋಗುತ್ತದೆ, ತನಗಿಷ್ಟು ರಾಗಿ ಬರುತ್ತದೆ, ಅಷ್ಟೇ ಅಂದುಕೊಂಡಿದ್ದಳು. ಒಂದು ಮನೆಯಲ್ಲಿ ಬಿದ್ದರೆ ಊರೇ ಬಿಡಬೇಕು. ಬೀದಿ ತುಂಬ ಗಾಡಿ, ಕೋಳಿಬುಟ್ಟಿ, ಒನಕೆ, ಅಳುವ ಮಕ್ಕಳು. ಈಗಲಾದರೂ ಬಾಯಿಬಿಟ್ಟು ಹೇಳಿಬಿಡೋಣ ಅಂತ ಅವಳು ಹೊಸಿಲವರೆಗೆ ಬಂದಳು. ಅಷ್ಟರಲ್ಲಿ ಹೆಲ್ತ್ ಇನ್ಸ್‌ಪೆಕ್ಟರು ಯೋಗಾನರಸಿಂಹಯ್ಯನವರ ಸೈಕಲ್ಲು ಬಂದು ಮನೆಯ ಮುಂದೆ ನಿಂತಿತು.

ಅವರು ಮೂಗಿಗೆ ಕರವಸ್ತ್ರ ಹಿಡಿದು ದೂರದಿಂದಲೇ ಇಲಿ ನೋಡಿದರು. ಸೀಮೆಎಣ್ಣೆ ಸುರಿದು ಸುಡಿಸಿದರು. ಆಮೇಲೆ ನೆರೆದಿದ್ದ ಜನರ ಕಡೆ ತಿರುಗಿ, "ನೋಡಿ, ಎಷ್ಟೋ ಊರಲ್ಲಿ ಇಲಿ ಬಿದ್ದರೆ ಮುಚ್ಚಿಡ್ತಾರೆ. ಹೂತುಹಾಕ್ತಾರೆ. ಅದರಿಂದಲೇ ಸಾಯ್ತಾರೆ. ಈ ತಾಯಿ ಪ್ರಾಮಾಣಿಕಳು. ಕಂಡ ಕೂಡಲೇ ಬಂದು ಹೇಳಿದ್ದಾಳೆ," ಅಂದರು. ಪಟ್ಟಲಮ್ಮ ನೆಲ ನೋಡುತ್ತಾ ನಿಂತಳು. ಬಾಯಿಗೆ ಬಂದ ಮಾತು ಅಲ್ಲೇ ಒಣಗಿಹೋಯಿತು.

ಎಲ್ಲರಿಗಿಂತ ಕೊನೆಗೆ ಹೊರಟವನು ಮಾದಯ್ಯ. "ನಾ ಬರಾಕಿಲ್ಲ ಕಣ್ರಲಾ. ಈ ಮಾಗಿ ಚಳೀಲಿ ಒಲ್ದಾಗೆ ಮನಗುದ್ರೆ ಪ್ಲೇಗ್ ಯಾಕ್ ಬೇಕು, ಅಂಗೇ ಓಯ್ತೀನಿ," ಅಂತ ಕಂಬ ಹಿಡಿದುಕೊಂಡ. ಪಟೇಲ ಗದರಿದ. ಕೊನೆಗೆ ಮಂಚದ ಸಮೇತ ನಾಲ್ಕು ಜನ ಎತ್ತಿಕೊಂಡು ಹೋದರು. ಆ ನಾಲ್ವರಲ್ಲಿ ಮರಿಸಿದ್ದಯ್ಯನೂ ಒಬ್ಬ. ಊರಬಾಗಿಲಿಗೆ ಮುಳ್ಳು ಎಳೆದರು. ಚಿಕ್ಕಬೋರಮ್ಮನ ಹಗೇವು, ಅದರೊಳಗಿನ ರಾಗಿ, ಎಲ್ಲವೂ ಮುಳ್ಳಿನ ಆಚೆಗೇ ಉಳಿದವು.

ಸರ್ಕಾರದ ರಾಗಿ ಬಂತು. ಪಟ್ಟಲಮ್ಮ ಸಾಲಿನಲ್ಲಿ ನಿಂತು ತಂದಳು. ಗುಡಿಸಲ ಮುಂದೆ ಮೂರು ಕಲ್ಲು ಹೂಡಿ ಮುದ್ದೆ ಕಟ್ಟಿದಳು. ಮಕ್ಕಳು ಹೊಟ್ಟೆ ತುಂಬ ಉಂಡು ಬದುವಿನ ಮೇಲೆ ಕುಣಿದವು. ಅದನ್ನು ನೋಡಿ ಅವಳಿಗೆ ಸಂತೋಷವಾಗಲಿಲ್ಲ ಅಂದರೆ ಸುಳ್ಳು. ಆಯಿತು. ಆದರೆ ಪಕ್ಕದ ಗುಡಿಸಲಿನಿಂದ ಮಾದಯ್ಯನ ಉಸಿರಿನ ಸದ್ದು ಕೇಳಿಸುತ್ತಿತ್ತು. ಬೆಳಗಿನ ಜಾವದ ಇಬ್ಬನಿ ಗರಿಯ ಸಂದಿಯಿಂದ ಅವನ ಕಂಬಳಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಪಟ್ಟಲಮ್ಮ ತನ್ನ ಪಾಲಿಗೆ ಬಂದ ಗರಿಗಳನ್ನು ಕೊಂಡುಹೋಗಿ ಅವನ ಗುಡಿಸಲಿಗೆ ಹೊದಿಸಿದಳು. ಕೆಂಡ ತುಂಬಿದ ಮಡಕೆ ತಂದು ಮಂಚದ ಕೆಳಗಿಟ್ಟಳು.

"ನೋಡಿದ್ಯಾ," ಅಂದ ಮಾದಯ್ಯ ಹೆಂಡತಿಗೆ, ಉಸಿರು ಕೂಡಿಸಿಕೊಂಡು. "ನಾನು ಅವತ್ತು ನಗಾಡ್ಬುಟ್ಟೆ. ಇವ್ಳು ಮನ್ಸಿಗೆ ಮಡಿಕ್ಕಂಡಿಲ್ಲ. ದೊಡ್ಡೋಳು ಕಣಮ್ಮಿ ಇವ್ಳು."

ಇದಕ್ಕಿಂತ ಅವನು ಎದ್ದು ಕೆನ್ನೆಗೆ ಬಾರಿಸಿದ್ದರೆ ಪಟ್ಟಲಮ್ಮ ಬದುಕಿಕೊಳ್ಳುತ್ತಿದ್ದಳು.

ಮಾದಯ್ಯ ಆ ಚಳಿ ದಾಟಲಿಲ್ಲ. ಗೂರಲಿನಿಂದ ಸತ್ತ ಅಂತ ಊರಿಗೆಲ್ಲ ಗೊತ್ತಿತ್ತು. ಆದರೂ ಪ್ಲೇಗಿನ ಗುಡಿಸಲಿನಲ್ಲಿ ಸತ್ತ ಹೆಣ ಅಲ್ಲವೇ, ಯಾರಿಗೆ ಧೈರ್ಯ? ಕೊತ್ತತ್ತಿಯಲ್ಲಿದ್ದ ಅವನ ತಮ್ಮನ ಮನೆಗೆ ಸುದ್ದಿ ಹೋಯಿತು. ಅವರು ನಾಲೆ ಏರಿಯ ಮೇಲೇ ನಿಂತು ಅತ್ತು ಹಿಂದಿರುಗಿದರು. ಊರಿಗೆಲ್ಲ ಬೇಕಾದ ಮನುಷ್ಯ, ವಾದ್ಯವಿಲ್ಲದೆ, ಬಾಯಿಗೆ ಅಕ್ಕಿ ಹಾಕುವ ನೆಂಟರಿಲ್ಲದೆ ಮಣ್ಣಾದ. ಗುಂಡಿ ತೋಡಿದವನು ಮರಿಸಿದ್ದಯ್ಯ. ತೋಡಿ ಬಂದವನು ಕೈ ತೊಳೆದು ಹೆಂಡತಿಯ ಮುಖ ನೋಡಿದ. ಅವಳು ನೋಡಲಿಲ್ಲ.

ಆಮೇಲೆ ಚಿಕ್ಕಬೋರಮ್ಮನ ಗುಡಿಸಲ ಹತ್ತಿರ ಜನ ಸುಳಿಯುವುದನ್ನು ಬಿಟ್ಟರು. ತಂದಿದ್ದ ರಾಗಿ ಮುಗಿದಿತ್ತು. ಜಮೀನಿದ್ದವಳೆಂದು ಸರ್ಕಾರದ್ದು ಸಿಗುವಂತಿರಲಿಲ್ಲ. ಪಟ್ಟಲಮ್ಮ ದಿನವೂ ತನ್ನ ಪಾಲಿನ ಮುದ್ದೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅವಳ ಮುಂದಿಡುತ್ತಿದ್ದಳು. ಚಿಕ್ಕಬೋರಮ್ಮ ಅದನ್ನು ಮುರಿಯುತ್ತಾ ಕಣ್ಣೀರು ಹಾಕಿಕೊಂಡು, "ನಮ್ಮೋರೇ ಅಂತ ಇದ್ದೋರೆಲ್ಲ ದೂರ ಓದ್ರು. ನನ್ ಒಡಹುಟ್ಟಿದೋಳು ನೀನೇ ಕಣಮ್ಮಿ," ಅನ್ನುತ್ತಿದ್ದಳು. ಪಟ್ಟಲಮ್ಮನಿಗೆ ಎದ್ದು ಓಡಿಹೋಗಬೇಕು ಅನಿಸುತ್ತಿತ್ತು. ಸಂತೆಯಲ್ಲಿ ಹತ್ತು ಜನರ ಬಾಯಿ ಮುಚ್ಚಿಸುತ್ತಿದ್ದ ಹೆಂಗಸಿಗೆ, "ಅಕ್ಕಾ, ಒಂದ್ ಮಾತು," ಅನ್ನಲು ಬಾಯಿ ಏಳಲಿಲ್ಲ.

ಯುಗಾದಿ ಕಳೆದ ಮೇಲೆ ಪ್ಲೇಗು ಇಳಿಯಿತು. ಸುತ್ತಲಿನ ಊರುಗಳಲ್ಲಿ ಮನೆಮನೆಗೂ ಸಾವು. ಮಾಯಮ್ಮನ ಊರಿನಲ್ಲಂತೂ ಒಂದು ಬೀದಿಯೇ ಖಾಲಿ. ಗೊರವನಕೊಪ್ಪಲಿನಲ್ಲಿ ಒಬ್ಬರಿಗೂ ಪ್ಲೇಗಿನ ಗೆಡ್ಡೆ ಕಟ್ಟಿರಲಿಲ್ಲ. ಬೇಗ ಊರು ಬಿಟ್ಟದ್ದಕ್ಕೇ ಉಳಿದೆವು ಅಂತ ಎಲ್ಲರೂ ಮಾತಾಡಿಕೊಂಡರು. ಅದು ನಿಜವೋ ಏನೋ, ಯಾರಿಗೆ ಗೊತ್ತು? ಪಟ್ಟಲಮ್ಮ ಅದನ್ನೇ ಹಿಡಿದುಕೊಂಡು ಒಂದೆರಡು ದಿನ ನೆಮ್ಮದಿಯಾಗಿರಲು ನೋಡಿದಳು. ಆಗಲಿಲ್ಲ.

ಊರು ಹೊಕ್ಕ ಮೇಲೆ ಮಾರಮ್ಮನಿಗೆ ತಂಪು ಮಾಡಬೇಕಲ್ಲ. ಹೆಂಗಸರು ತಂಬಿಟ್ಟಿನ ಆರತಿ ತಲೆಯ ಮೇಲೆ ಹೊತ್ತು ಗುಡಿಗೆ ಹೋಗಬೇಕು. ಆ ಊರಿನ ಕಟ್ಟಳೆ ಏನೆಂದರೆ, ಬೇನೆ ಬಂದ ವರ್ಷ ಅಮ್ಮ ಯಾರ ಮನೆಯಲ್ಲಿ ಮೊದಲು ಕಾಲಿಟ್ಟಳೋ ಆ ಮನೆಯವಳದೇ ಮೊದಲ ಆರತಿ. ಅಮ್ಮ ಆರಿಸಿಕೊಂಡ ಮನೆ ಅಂತ. ಇನ್ನೊಮ್ಮೆ ಬೇನೆ ಬಂದು ಬೇರೆ ಮನೆ ಹಿಡಿಯುವವರೆಗೂ ವರ್ಷ ವರ್ಷ ಆ ಮರ್ಯಾದೆ ಅವರದೇ. ಪಟೇಲ ಶಿವಣ್ಣ ಚಾವಡಿಯಲ್ಲಿ, "ಪುರಿಭಟ್ಟಿ ಅಟ್ಟೀದೇ ಮೊದಲ್ನೇದು. ಅದರಲ್ಲಿ ಮಾತೇ ಇಲ್ಲ," ಅಂದ. ಪಟ್ಟಲಮ್ಮ ಒಲ್ಲೆ ಅಂದಳು, ಮೈ ಸರಿಯಿಲ್ಲ ಅಂದಳು. ಜನ ಅದನ್ನೂ ದೊಡ್ಡತನ ಅಂದುಕೊಂಡರು.

ಹಬ್ಬದ ದಿನ ಹಿತ್ತಿಲ ಗೋಡೆಯ ಹತ್ತಿರ ಚಿಕ್ಕಬೋರಮ್ಮ ಕರೆದಳು. ಗಂಡ ಸತ್ತವಳು, ಆರತಿ ಹೊರುವಂತಿಲ್ಲ. ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆಯಿತ್ತು. "ನಮ್ಮೆಜಮಾನ್ರ ರುಮಾಲು. ಸಿಂಬೆ ಸುತ್ಕೊಂಡು ಅದರ ಮ್ಯಾಲೆ ಆರತಿ ಮಡಿಕ್ಕೋ. ನನ್ ಅಟ್ಟಿದೂ ಅಮ್ಮನ್ ತಾವ್ಕೆ ಒಂದಿಷ್ಟು ಓದಂಗಾಯ್ತದೆ," ಅಂದಳು.

ಇಲ್ಲ ಅನ್ನುವುದು ಹೇಗೆ?

ತಮಟೆ ಬಡಿಯುತ್ತಿತ್ತು. ಎಲ್ಲರಿಗಿಂತ ಮುಂದೆ ಪಟ್ಟಲಮ್ಮ, ತಲೆಯ ಮೇಲೆ ಮಾದಯ್ಯನ ರುಮಾಲು, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಉರಿಯುವ ದೀಪ. ಗುಡಿಯ ಮುಂದಿನ ಬೇವಿನ ಮರದ ಕೆಳಗೆ ಚಿಕ್ಕಬೋರಮ್ಮ ಒಬ್ಬಳೇ ನಿಂತು ಕೈ ಮುಗಿಯುತ್ತಿದ್ದಳು. ದೇವರಿಗಲ್ಲ, ಇವಳ ತಲೆಯ ಮೇಲಿದ್ದ ಆರತಿಗೆ. ಪಟ್ಟಲಮ್ಮನ ಕಾಲು ಗುಡಿಯ ಕಡೆ ಹೋಗಲಿಲ್ಲ. ಸಾಲು ಬಿಟ್ಟು ನೇರ ಮರದ ಕೆಳಗೆ ಹೋದಳು. ಮೈಯೆಲ್ಲ ನಡುಗುತ್ತಿತ್ತು.

"ಅಕ್ಕಾ, ನಮ್ಮಟ್ಟೀಲಿ ಇಲಿ ಬಿದ್ದಿರ್ನಿಲ್ಲ ಕಣಕ್ಕಾ! ನಾನೇ ಬಾನೀಲಿ ಮುಳುಗ್ಸಿ ಸಾಯಿಸ್ದೆ. ರಾಗಿ ಆಸೇಗೆ. ಮಾದಯ್ಯನ್ನ ಮಂಚ್ದ ಸಮೇತ ಆಚ್ಗೆ ಒರ್ಸಿದ್ದು ನಾನೇ! ಈ ಪಾಪಿನೇ!"

ಕಿರುಚಿಯೇ ಹೇಳಿದಳು. ಆದರೆ ತಮಟೆಯ ಸದ್ದಿನಲ್ಲಿ ಮಾತು ಮುಳುಗಿತು, ಜನ ಕಂಡದ್ದು ಬೇರೆ. ಆರತಿ ಹೊತ್ತವಳು ಸಾಲು ಬಿಟ್ಟು ಓಡಿದ್ದು, ಮೈ ನಡುಗಿದ್ದು, ಕೂದಲು ಬಿಚ್ಚಿಹೋಗಿ ಕಿರುಚಿದ್ದು. ಅಷ್ಟು ಕಂಡರೆ ಸಾಲದೇ? "ಅಮ್ಮ ಮೈಮ್ಯಾಲೆ ಬಂದ್ಲು! ಬೇವಿನಸೊಪ್ಪು ತನ್ರೋ!" ಅಂತ ಕೂಗೆದ್ದಿತು. ತಮಟೆಯವರು ಇನ್ನೂ ಜೋರಾಗಿ ಬಡಿದರು. ಯಾರೋ ಅರಿಶಿನದ ನೀರು ಎರಚಿದರು. ಪಟೇಲ ಶಿವಣ್ಣ, ಸಾಕ್ಷಾತ್ ಪಟೇಲ, ಬಂದು ಅವಳ ಕಾಲ ಮೇಲೆ ಬಿದ್ದ. "ಬ್ಯಾಡಿ, ಬ್ಯಾಡಿ, ನಾನು ಪಟ್ಟಲಿ ಕಣ್ರಪ್ಪಾ," ಅಂತ ಅವಳು ಅಳುತ್ತಿದ್ದರೆ, ಹೆಂಗಸರು ಸಾಲಾಗಿ ಬಂದು ಕಾಲು ಮುಟ್ಟಿದರು.

ಕಾಲು ಮುಟ್ಟದೆ ನಿಂತವಳು ಚಿಕ್ಕಬೋರಮ್ಮ ಒಬ್ಬಳೇ. ಅವಳು ತೀರಾ ಹತ್ತಿರದಲ್ಲಿದ್ದಳು. ಪ್ರತಿಯೊಂದು ಮಾತೂ ಅವಳಿಗೆ ಕೇಳಿಸಿತ್ತು. ಮುಗಿದ ಕೈಗಳನ್ನು ಮೆಲ್ಲಗೆ ಇಳಿಸಿದಳು. ತಿರುಗಿ ಮನೆಯ ಕಡೆ ನಡೆದಳು.

ಪಟ್ಟಲಮ್ಮ ಮಾರನೆಯ ದಿನ ರುಮಾಲನ್ನು ಒಗೆದು ಒಣಗಿಸಿ ಹಿತ್ತಿಲ ಗೋಡೆಯ ಮೇಲಿಟ್ಟಳು. ಸಂಜೆಯ ಹೊತ್ತಿಗೆ ಅದು ಅಲ್ಲಿರಲಿಲ್ಲ. ಆಮೇಲೆ ಪಟೇಲನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಶಿವಣ್ಣ ಎದ್ದು ಹೋಗಿ ಬಾಗಿಲು ಮುಂದೂಡಿ ಬಂದ. "ನನ್ ಕೈಲಿ ಕಾಲು ಮುಟ್ಟಿಸ್ಕೊಂಡೆಯಲ್ಲೇ!" ಅಂದ ಮೊದಲು. ಆಮೇಲೆ ದನಿ ತಗ್ಗಿಸಿ, "ಮುಚ್ಕೊಂಡಿರು ಬಾಯ. ಆ ರಾಗಿಯ ಅರ್ಧ ಊರು ತಿಂದದೆ. ನಾಳೆ ನಿಜವಾಗ್ಲೂ ಇಲಿ ಬಿದ್ರೆ ಸರ್ಕಾರ್ದೋರು ನಮ್ಮನ್ನ ನಂಬ್ತಾರಾ? ಒಂದ್ ಕಾಳು ಕೊಡಾಕಿಲ್ಲ. ಓಗು, ಪುರಿ ಉರ್ಕೊ ಓಗು," ಅಂದ.

ಭಟ್ಟಿ ಮತ್ತೆ ಹೊತ್ತಿತು. ಸಂತೆಗಳು ಕೂಡಿದವು. ಪಟ್ಟಲಮ್ಮ ಪುರಿ ಮಾರಿದಳು. ಆದರೆ ಚೌಕಾಸಿ ಮಾಡಿದವರನ್ನು ಬೈಯುವುದು ನಿಂತುಹೋಯಿತು. ಕೇಳಿದಷ್ಟು ಕೊಟ್ಟು ತಲೆ ತಗ್ಗಿಸುತ್ತಿದ್ದಳು. ಅಮ್ಮ ಮೈದುಂಬಿದ ಮೇಲೆ ಎಷ್ಟು ಶಾಂತಳಾದಳು ಅಂತ ಜನ ಕೈ ಮುಗಿದು ಪುರಿ ಕೊಳ್ಳುತ್ತಿದ್ದರು. ವ್ಯಾಪಾರ ಹಿಂದಿಗಿಂತ ಹೆಚ್ಚಾಯಿತು, ಅದೊಂದು ನಾಚಿಕೆ ಬೇರೆ. ಹಿತ್ತಿಲ ಗೋಡೆಯ ಆಚೆಯಿಂದ ಒಂದು ಮಾತೂ ಬರಲಿಲ್ಲ. ಚಿಕ್ಕಬೋರಮ್ಮ ಯಾರಿಗೂ ಹೇಳಲೂ ಇಲ್ಲ. ಹೇಳಿದ್ದರೆ ಊರು ಉಗಿಯುತ್ತಿತ್ತು, ಅಲ್ಲಿಗೆ ತೀರುತ್ತಿತ್ತು.

ವರ್ಷ ತಿರುಗಿ ಮಾರಿಹಬ್ಬ ಬಂತು. ಈ ಸಲ ಏನಾದರಾಗಲಿ, ಮಕ್ಕಳನ್ನು ಕರೆದುಕೊಂಡು ಮಾಯಮ್ಮನ ಮನೆಗೆ ಹೋಗಿಬಿಡುವುದು ಅಂತ ಪಟ್ಟಲಮ್ಮ ಗಂಟು ಕಟ್ಟಿಟ್ಟಿದ್ದಳು. ಹೊರಡುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಚಿಕ್ಕಬೋರಮ್ಮ. ಕೈಯಲ್ಲಿ ಅದೇ ರುಮಾಲು.

"ಎಲ್ಗೆ ಒಂಟೆ?" ಅಂದಳು.

ಪಟ್ಟಲಮ್ಮ ಗಂಟು ಕೆಳಗಿಟ್ಟಳು. "ಅಕ್ಕಾ, ನನ್ ಕೈಲಿ ಆಗಾಕಿಲ್ಲ. ಬೈದ್ಬುಡು, ಒಡುದ್ಬುಡು. ಊರಿಗೆಲ್ಲ ಯೋಳ್ಬುಡು."

"ನಾನ್ಯಾಕೆ ಯೋಳ್ಲಿ? ನಾ ಯಾರ್ಗೂ ಯೋಳಾಕಿಲ್ಲ," ಅಂದಳು ಚಿಕ್ಕಬೋರಮ್ಮ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀನೇ ಒತ್ಕೊ. ನೀ ಇರೋಗಂಟ ವರ್ಸ ವರ್ಸ ನೀನೇ ಒತ್ಕೊ."

ಪಟ್ಟಲಮ್ಮ ಅವಳ ಮುಂದೆ ನೆಲದ ಮೇಲೆ ಕೂತು ತಲೆ ಬಗ್ಗಿಸಿದಳು. ಚಿಕ್ಕಬೋರಮ್ಮ ಗಂಡನ ರುಮಾಲನ್ನು ತನ್ನ ಕೈಯಾರೆ ಸಿಂಬೆ ಸುತ್ತಿ ಅವಳ ನೆತ್ತಿಯ ಮೇಲಿಟ್ಟಳು. ಜಾರದ ಹಾಗೆ ಒಮ್ಮೆ ಒತ್ತಿ ನೋಡಿದಳು. ಆಮೇಲೆ ಹೋಗಿ ಬೇವಿನ ಮರದ ಕೆಳಗೆ ನಿಂತುಕೊಂಡಳು.